ಎರಡು ಗುಡ್ಡ, ನಡುವೆ ಸೂರ್ಯ

ಐದನೇ ಇಯತ್ತೆಯ ಹುಡುಗ. ಮಾತು ಕಡಿಮೆ, ಸೋಮವಾರ ಬಂತೆಂದರೆ ಹೊಟ್ಟೆನೋವು. ಹೊಟ್ಟೆಯಲ್ಲಿ ಏನೂ ತೊಂದರೆಯಿಲ್ಲ ಎಂದು ಡಾಕ್ಟರು ಹೇಳಿದ ಮೇಲೆ ಶಾಲೆಯವರು ನನ್ನ ಹತ್ತಿರ ಕಳಿಸಿದರು. ಆಪ್ತಸಮಾಲೋಚಕಿಯಾಗಿ ನಾನಿನ್ನೂ ಹೊಸಬಳು, ಓದಿದ್ದೆಲ್ಲ ಬಿಸಿಬಿಸಿಯಾಗಿ ತಲೆಯಲ್ಲಿತ್ತು. ಹಾಳೆ, ಪೆನ್ಸಿಲ್ ಕೊಟ್ಟು ‘ನಿಮ್ಮ ಮನೆಯವರನ್ನೆಲ್ಲ ತೆಗಿ’ ಅಂದೆ. ತೆಗೆದ. ಅಪ್ಪ, ಅವ್ವ, ಅಜ್ಜಿ, ತಂಗಿ, ಜೊತೆಗೊಂದು ಆಕಳು. ಆಕಳಿಗೆ ನಾಲ್ಕೂ ಕಾಲು, ಬಾಲ, ಕೊರಳ ಗಂಟೆ ಎಲ್ಲ ಇತ್ತು. ಮನುಷ್ಯರಿಗೆ ಮಾತ್ರ ಒಬ್ಬರಿಗೂ ಕೈಯಿಲ್ಲ. ತೋಳುಗಳು ಭುಜದಿಂದ ಇಳಿದು ಬೆನ್ನ ಹಿಂದೆ ಮಾಯವಾಗಿದ್ದವು.

ಮನುಷ್ಯನ ಚಿತ್ರ ಬರೆಸಿ ಬರೆದವರ ವ್ಯಕ್ತಿತ್ವ ಓದುವ ಪದ್ಧತಿಯನ್ನು ಕ್ಯಾರೆನ್ ಮ್ಯಾಕೋವರ್ 1949ರಲ್ಲಿ ಪುಸ್ತಕವಾಗಿಸಿದ್ದರು. ಆ ಪರಂಪರೆಯಲ್ಲಿ ಕಲಿತವರಿಗೆ ಮರೆಮಾಡಿದ ಕೈ ಕಂಡರೆ ಅಪರಾಧಿ ಭಾವ, ಭಯ ಎಲ್ಲ ಕಾಣುತ್ತದೆ. ನನಗೂ ಕಂಡಿತು. ಫೈಲಿನಲ್ಲಿ ಬರೆದಿಟ್ಟೆ. ತಾಯಿಯನ್ನು ಕರೆಸಿ ‘ಮನೆಯಲ್ಲಿ ಮಗುವಿಗೆ ಯಾರಾದರೂ ಹೊಡೀತಾರಾ?’ ಎಂದು ಕೇಳಿದೆ. ಆಕೆ ಅಲ್ಲೇ ಅತ್ತು, ಮನೆಗೆ ಹೋಗಿ ಗಂಡನ ಜೊತೆ ಜಗಳ ತೆಗೆದಳು.

ಎರಡು ದಿನ ಬಿಟ್ಟು ಸ್ಟಾಫ್ ರೂಮಿನಲ್ಲಿ ಡ್ರಾಯಿಂಗ್ ಸರ್ ಆ ಹಾಳೆ ನೋಡಿ ನಕ್ಕರು. ‘ಅವಂಗ ಕೈ ತೆಗಿಲಿಕ್ಕೆ ಬರೂದಿಲ್ರೀ ಮೇಡಂ. ಅದಕ್ಕ ಎಲ್ಲಾರ ಕೈನೂ ಹಿಂದ ಕಟ್ಟಿಸಿಬಿಡ್ತಾನ. ಗಾಂಧೀಜಿಗೂ ಹಂಗ ಮಾಡ್ಯಾನ, ಕೋಲು ತಾನ ನಿಂತದ.’

ಹುಡುಗ ಆಮೇಲೆ ಎರಡು ತಿಂಗಳು ಮನುಷ್ಯರನ್ನು ತೆಗೆಯಲೇ ಇಲ್ಲ. ಅವನ ಹೊಟ್ಟೆನೋವಿನ ಕಾರಣ ಹೊರಬಿದ್ದದ್ದು ನನ್ನ ಕೋಣೆಯಲ್ಲೂ ಅಲ್ಲ, ಚಿತ್ರಕಲಾ ಕ್ಲಾಸಿನಲ್ಲಿ. ಬಣ್ಣದ ನೀರು ಕಲಕುತ್ತ, ಪಕ್ಕದವನಿಗೆ ಹೇಳಿದಂತೆ ಸರ್‌ಗೆ ಹೇಳಿದ್ದ: ಸೋಮವಾರ ಮೊದಲ ಪೀರಿಯಡ್ಡಿಗೆ ನಿಂತು ಮಗ್ಗಿ ಒಪ್ಪಿಸಬೇಕು.

(ಮಕ್ಕಳ ಗುರುತು ಸಿಗಬಾರದೆಂದು ಈ ಬರಹದಲ್ಲಿ ಒಂದೆರಡು ವಿವರ ಬದಲಿಸಿದ್ದೇನೆ. ನನ್ನ ತಪ್ಪನ್ನು ಬದಲಿಸಿಲ್ಲ.)

ಈಗಲೂ ವಾಟ್ಸಾಪ್‌ನಲ್ಲಿ ಪಾಲಕರು ಚಿತ್ರಗಳ ಫೋಟೋ ಕಳಿಸುತ್ತಾರೆ. ‘ಮಗಳು ಬರೀ ಕಪ್ಪು ಬಳೀತಾಳೆ, ಏನಾದರೂ ಇದೆಯಾ?’ ‘ಮನೆಗೆ ಬಾಗಿಲೇ ಇಟ್ಟಿಲ್ಲ ನೋಡಿ.’ ಚಿತ್ರದಲ್ಲಿ ಕಂಡ ಒಂದೊಂದು ಗುರುತಿಗೂ ಒಂದೊಂದು ಅರ್ಥ ಹಚ್ಚುವ ಈ ವಿದ್ಯೆ ಪರೀಕ್ಷೆಗೆ ಒಡ್ಡಿದಾಗ ನಿಂತಿಲ್ಲ. ಕೈ ಮರೆಮಾಡುವುದಕ್ಕಂತೂ ಇನ್ನೂ ಸರಳ ಕಾರಣವಿದೆ. ಮಕ್ಕಳ ಚಿತ್ರಗಳು ವಯಸ್ಸಿನ ಜೊತೆ ಬೆಳೆಯುವ ಹಂತಗಳನ್ನು ವಿಕ್ಟರ್ ಲೋವೆನ್‌ಫೆಲ್ಡ್ 1947ರಲ್ಲೇ ವಿವರಿಸಿದ್ದರು. ಒಂಬತ್ತು–ಹತ್ತು ದಾಟುವಾಗ ಮಗುವಿಗೆ ತಾನು ತೆಗೆದದ್ದು ಕಂಡದ್ದರ ಹಾಗಿಲ್ಲ ಎಂಬುದು ಮೊದಲ ಬಾರಿಗೆ ಚುಚ್ಚುತ್ತದೆ. ಆರು ವರ್ಷದವರೆಗೆ ಐದು ಬೆರಳನ್ನು ಸೂರ್ಯನ ಕಿರಣದ ಹಾಗೆ ಧೈರ್ಯವಾಗಿ ಎಳೆದ ಮಗು ಈಗ ಕೈಯನ್ನು ಬೆನ್ನ ಹಿಂದೆ, ಜೇಬಿನಲ್ಲಿ, ಹೂಕುಂಡದ ಮರೆಯಲ್ಲಿ ಬಚ್ಚಿಡುತ್ತದೆ. ‘ನನಗೆ ಡ್ರಾಯಿಂಗ್ ಬರಲ್ಲ’ ಎಂಬ ಮಾತು ಹುಟ್ಟುವ ವಯಸ್ಸೂ ಇದೇ, ನಮ್ಮಲ್ಲಿ ಬಹಳಷ್ಟು ಜನ ಚಿತ್ರ ಬಿಟ್ಟ ವಯಸ್ಸೂ ಇದೇ.

ಹಾಗಾದರೆ ಚಿತ್ರಕಲೆ ಮಕ್ಕಳ ಮನಸ್ಸಿಗೆ ಮಾಡುವ ಉಪಕಾರವೇನು? ನನ್ನ ಉತ್ತರ ಕೆಲವು ಸಹೋದ್ಯೋಗಿಗಳಿಗೆ ಒಗ್ಗುವುದಿಲ್ಲ. ಮಗುವಿನ ದುಃಖ ಹಾಳೆಯ ಮೇಲೆ ಬಂದು ನಮಗೆ ಕಾಣಲಿ ಎಂಬುದಕ್ಕಿಂತ, ಮಗು ಆ ದುಃಖದಿಂದ ನಲವತ್ತು ನಿಮಿಷ ಎದ್ದು ಹೋಗಲಿ ಎಂಬುದೇ ಹೆಚ್ಚಿನ ಸಲ ಕೆಲಸ ಮಾಡುತ್ತದೆ.

ನಮ್ಮ ಮಕ್ಕಳ ಆ ಪ್ರಸಿದ್ಧ ಚಿತ್ರ ಗೊತ್ತಲ್ಲ? ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಕೆಳಗೊಂದು ಹೊಳೆ, ದಂಡೆಗೆ ಮನೆ, ತೆಂಗಿನ ಮರ, ಆಕಾಶದಲ್ಲಿ ಇಂಗ್ಲಿಷಿನ ‘ವಿ’ ಅಕ್ಷರದಂಥ ಹಕ್ಕಿಗಳು. ಗುಡ್ಡವನ್ನೇ ಕಾಣದ ಬಯಲುಸೀಮೆಯ ಮಗುವೂ ಇದನ್ನೇ ತೆಗೆಯುತ್ತದೆ. ಕಲಾವಿದರಿಗೆ ಇದನ್ನು ಕಂಡರೆ ಸಿಟ್ಟು, ಸೃಜನಶೀಲತೆ ಸತ್ತಿತು ಅನ್ನುತ್ತಾರೆ. ಅವರ ಮಾತು ತಪ್ಪಲ್ಲ. ಆದರೆ ಅಪ್ಪ ತೀರಿಹೋಗಿ ಹದಿನೈದು ದಿನಕ್ಕೆ ಶಾಲೆಗೆ ಬಂದ ಹುಡುಗಿಯೊಬ್ಬಳು ವಾರಕ್ಕೊಂದರಂತೆ ಏಳು ಸಲ ಅದೇ ಗುಡ್ಡ, ಅದೇ ಸೂರ್ಯ ತೆಗೆದದ್ದನ್ನು ನಾನು ನೋಡಿದ್ದೇನೆ. ಐದನೆಯದರಲ್ಲಿ ತೆಂಗಿನ ಮರಕ್ಕೆ ಕಾಯಿ ಬಂದವು. ಏಳನೆಯದರಲ್ಲಿ ಹೊಳೆಗೊಂದು ಸಂಕ ಬಂತು. ‘ಅಪ್ಪನ ಚಿತ್ರ ತೆಗಿ’ ಎಂದು ಯಾರೂ ಹೇಳಲಿಲ್ಲ. ಹೇಳದಂತೆ ನೋಡಿಕೊಂಡದ್ದು ಡ್ರಾಯಿಂಗ್ ಸರ್.

ಇದಕ್ಕೆ ಆಧಾರವೂ ಇದೆ. ಜೆನಿಫರ್ ಡ್ರೇಕ್ ಮತ್ತು ಎಲೆನ್ ವಿನ್ನರ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 6ರಿಂದ 12 ವರ್ಷದ ಮಕ್ಕಳಿಗೆ ಬೇಸರದ ಘಟನೆಯೊಂದನ್ನು ನೆನೆಸಿಕೊಳ್ಳಲು ಹೇಳಿದರು. ಕೆಲವರು ಆ ಘಟನೆಯನ್ನೇ ಬಿಡಿಸಿದರು, ಕೆಲವರು ಸುಮ್ಮನೆ ಒಂದು ಮನೆ ಬಿಡಿಸಿದರು, ಇನ್ನು ಕೆಲವರು ಎದುರಿಗಿದ್ದ ಚಿತ್ರ ನಕಲು ಮಾಡಿದರು. ಮನಸ್ಸು ಹೆಚ್ಚು ಹಗುರಾದದ್ದು ಮನೆ ಬಿಡಿಸಿದವರಿಗೆ. ದುಃಖವನ್ನು ‘ಹೊರಹಾಕಿಸಿ’ದರೆ ಸಾಕು ಎಂದು ತರಬೇತಿ ಶಿಬಿರಗಳಲ್ಲಿ ಕೇಳಿ ಬಂದ ನನಗೆ ಇದು ಸ್ವಲ್ಪ ಮುಜುಗರದ ಓದು.

ಇನ್ನೂ ಹಿಂದೆ, ಇನ್ನೂ ಘೋರವಾದ ಜಾಗದಲ್ಲಿ ಒಬ್ಬ ಶಿಕ್ಷಕಿಗೆ ಇದು ಗೊತ್ತಿತ್ತು. ವಿಯೆನ್ನಾದಲ್ಲಿ ಹುಟ್ಟಿ, ಜರ್ಮನಿಯ ಕಲಾಶಾಲೆ ಬೌಹೌಸ್‌ನಲ್ಲಿ ಕಲಿತ ಫ್ರೀಡಲ್ ಡಿಕರ್-ಬ್ರಾಂಡೈಸ್ ಅವರನ್ನು ನಾಜಿಗಳು 1942ರ ಡಿಸೆಂಬರ್‌ನಲ್ಲಿ ಯಹೂದಿಗಳನ್ನು ಕೂಡಿಹಾಕುತ್ತಿದ್ದ ತೆರೆಜಿನ್ ಶಿಬಿರಕ್ಕೆ ಹಾಕಿದರು. ಅಲ್ಲಿ ಅವರು ಮಕ್ಕಳಿಗೆ ಚಿತ್ರಕಲೆ ಕಲಿಸಿದರು. ಕಲಿಸಿದ್ದು ಏನನ್ನು? ರೇಖೆಯ ಲಯ, ಬಣ್ಣದ ಹೊಂದಿಕೆ, ಎದುರಿಗಿಟ್ಟ ವಸ್ತುವಿನ ಅಭ್ಯಾಸ, ಹರಿದ ಕಾಗದದ ಕೊಲಾಜ್. ಅಂದರೆ ಹೊರಗೆ ಯಾವುದೇ ಊರಿನ ಶಾಲೆಯಲ್ಲಿ ಕಲಿಸುತ್ತಿದ್ದದ್ದನ್ನೇ. ಆ ಮಕ್ಕಳು ಶಿಬಿರದ ಬಂಕುಗಳನ್ನೂ ತೆಗೆದಿದ್ದಾರೆ, ಆದರೆ ಹೂವು, ಹೊಲ, ಮನೆ, ಚಿಟ್ಟೆಗಳೂ ಬೇಕಾದಷ್ಟಿವೆ. 1944ರ ಅಕ್ಟೋಬರ್‌ನಲ್ಲಿ ಫ್ರೀಡಲ್ ಅವರನ್ನು ನಾಜಿಗಳ ಹತ್ಯಾ ಶಿಬಿರವಾದ ಆಷ್‌ವಿಟ್ಜ್‌ಗೆ ಸಾಗಿಸಿ ಕೊಂದರು. ಹೋಗುವ ಮುನ್ನ ಎರಡು ಸೂಟ್‌ಕೇಸ್ ತುಂಬ ಬಚ್ಚಿಟ್ಟ ಸುಮಾರು 4,500 ಚಿತ್ರಗಳು ಉಳಿದವು. ಅವರ ಹಳೆಯ ಶಿಷ್ಯೆ ಎಡಿತ್ ಕ್ರೇಮರ್ ಮುಂದೆ ಅಮೆರಿಕದಲ್ಲಿ ಕಲಾಚಿಕಿತ್ಸೆಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರಾದರು.

ದುಃಖದಿಂದ ಎದ್ದು ಹೋಗುವುದರ ಜೊತೆಗೆ ಇನ್ನೊಂದು ಕೆಲಸವೂ ಚಿತ್ರಕಲೆಯ ಪೀರಿಯಡ್ಡಿನಲ್ಲಿ ನಡೆಯುತ್ತದೆ, ಅದು ತಪ್ಪು ಮಾಡುವ ಅಭ್ಯಾಸ. ಆತಂಕದ ಮಕ್ಕಳನ್ನು ಅವರ ರಬ್ಬರಿನಿಂದಲೇ ಗುರುತಿಸಬಹುದು. ಎಂಟನೇ ಇಯತ್ತೆಯಲ್ಲಿ ಒಬ್ಬಳಿದ್ದಳು, ಓದಿನಲ್ಲಿ ಕ್ಲಾಸಿಗೆ ಮೊದಲು. ಒಂದು ಹೂಜಿ ತೆಗೆಯಲು ಹೇಳಿದರೆ ಎಡಗಡೆಯ ಗೆರೆಯನ್ನು ಎಳೆದು, ಅಳಿಸಿ, ಎಳೆದು, ಅಳಿಸಿ, ಪೀರಿಯಡ್ ಮುಗಿಯುವ ಹೊತ್ತಿಗೆ ಹಾಳೆ ಅಲ್ಲಿ ಬೂದಿಬಣ್ಣಕ್ಕೆ ತಿರುಗಿ ತೂತು ಬಿದ್ದಿರುತ್ತಿತ್ತು. ಬಲಗಡೆ ಖಾಲಿ. ಅವಳಿಗೆ ‘ತಪ್ಪಾದರೂ ಪರವಾಗಿಲ್ಲ’ ಎಂದು ನಾನು ಹತ್ತು ಸಲ ಹೇಳಿದ್ದೆ. ಹೇಳಿದಷ್ಟೂ ರಬ್ಬರ್ ಜೋರಾಯಿತು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಮನೆಮನೆಯಲ್ಲೂ ಮಣ್ಣಿನ ಎತ್ತು ಮಾಡುತ್ತಾರೆ. ಶಾಲೆ ಆರಂಭವಾದ ಹೊಸತು, ಮಕ್ಕಳ ಹೊಟ್ಟೆನೋವು, ತಲೆನೋವು ನನ್ನ ರಿಜಿಸ್ಟರಿನಲ್ಲಿ ತುಂಬಿ ತುಳುಕುವ ಕಾಲ. ಸರ್ ಒಂದು ಬುಟ್ಟಿ ಎರೆಮಣ್ಣು ನಾದಿಸಿ ತಂದು ಎಲ್ಲರಿಗೂ ಒಂದೊಂದು ಮುಷ್ಟಿ ಹಂಚಿದರು. ಮಣ್ಣಿಗೆ ರಬ್ಬರ್ ಇಲ್ಲ. ಕೋಡು ಮುರಿದರೆ ಬೆರಳು ಒದ್ದೆ ಮಾಡಿ ಮತ್ತೆ ಮೆತ್ತಬೇಕು, ಡುಬ್ಬ ದಪ್ಪವಾದರೆ ಅದರಲ್ಲೇ ಚಿವುಟಿ ಬಾಲ ಮಾಡಬೇಕು. ಅವಳ ಎತ್ತು ಒಂದು ಕಡೆ ವಾಲಿತ್ತು. ನಾಲ್ಕನೆಯ ಕಾಲು ಗಿಡ್ಡ. ಅದನ್ನು ಒಡೆದು ಉಂಡೆ ಮಾಡುತ್ತಾಳೇನೋ ಎಂದು ನಾನು ಬಾಗಿಲಲ್ಲೇ ನಿಂತು ನೋಡುತ್ತಿದ್ದೆ. ಅವಳು ಗಿಡ್ಡ ಕಾಲಿನ ಕೆಳಗೊಂದು ಮಣ್ಣಿನ ಹೆಂಟೆ ಇಟ್ಟಳು. ‘ಹೊಲದಾಗ ನಿಂತದ ರೀ ಸರ್, ನೆಲಾ ಸಾಪ್ ಇಲ್ಲ.’ ಅವಳ ಆತಂಕ ಅಂದೇ ಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅವಳ ಜೊತೆ ಇನ್ನೊಂದು ವರ್ಷ ಕೆಲಸ ಮಾಡಬೇಕಾಯಿತು. ಆದರೆ ಆ ವರ್ಷವಿಡೀ ಪರೀಕ್ಷೆಯ ಭಯದ ಬಗ್ಗೆ ಮಾತಾಡುವಾಗ ನಮ್ಮಿಬ್ಬರ ನಡುವೆ ಒಂದು ಶಬ್ದ ಓಡಾಡಿತು: ಹೆಂಟೆ.

ಮಾತಿನ ವಿಷಯ ಬಂತು ಅಂತ ಹೇಳುತ್ತೇನೆ. ಎದುರಾಬದುರು ಕೂತು ‘ಏನಾಯ್ತು ಹೇಳು’ ಅಂದರೆ ಹದಿಮೂರರ ಹುಡುಗರು ನೆಲ ನೋಡುತ್ತಾರೆ. ಕೈಗೆ ಕುಂಚ ಕೊಟ್ಟು ಪಕ್ಕದಲ್ಲಿ ಕೂತರೆ, ಕಣ್ಣಿಗೆ ಕಣ್ಣು ಕೊಡಬೇಕಾದ ಕಷ್ಟವಿಲ್ಲದ್ದರಿಂದ, ಮಾತು ತಾನಾಗಿ ಬರುತ್ತದೆ. ಹಾಗಾಗಿ ಮಕ್ಕಳ ಗುಟ್ಟು ಮೊದಲು ತಿಳಿಯುವುದು ಬಹಳ ಸಲ ಡ್ರಾಯಿಂಗ್ ಶಿಕ್ಷಕರಿಗೆ. ಅವರಿಗೆ ನಾನು ಹೇಳುವುದು ಇಷ್ಟೇ: ‘ಯಾರಿಗೂ ಹೇಳಲ್ಲ’ ಎಂದು ಆಣೆ ಮಾಡಬೇಡಿ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ತಿಳಿಸಲೇಬೇಕು; 1098 ಮಕ್ಕಳ ಸಹಾಯವಾಣಿ ಇದೆ. ಸಾಯುವ ಮಾತು, ತನಗೆ ತಾನೇ ಗಾಯ ಮಾಡಿಕೊಳ್ಳುವುದು, ವಾರಗಟ್ಟಲೆ ಊಟ ನಿದ್ದೆ ಬಿಡುವುದು ಕಂಡರೆ ಬಣ್ಣದ ಡಬ್ಬಿ ಬದಿಗಿಟ್ಟು ವೈದ್ಯರ ಬಳಿ ಕಳಿಸಿ; ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416. ನಿಮ್ಹಾನ್ಸ್ ಮುಂದಾಳತ್ವದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 13ರಿಂದ 17 ವರ್ಷದವರಲ್ಲಿ ಶೇ 7.3 ಮಂದಿಗೆ ಮಾನಸಿಕ ತೊಂದರೆ ಇದೆ ಎಂದಿತ್ತು. 40 ಮಕ್ಕಳ ಕ್ಲಾಸಿನಲ್ಲಿ ಹೆಚ್ಚುಕಡಿಮೆ ಮೂವರು. ಚಿತ್ರಕಲೆ ಅವರಿಗೆ ಔಷಧಿಯಲ್ಲ.

ಬಹುಮಾನದ ಬಗ್ಗೆಯೂ ನನಗೊಂದು ತಕರಾರಿದೆ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಜೊತೆಗಾರರು ನರ್ಸರಿ ಮಕ್ಕಳಿಗೆ ‘ಚಿತ್ರ ಬಿಡಿಸಿದರೆ ಪ್ರಶಸ್ತಿ ಪತ್ರ’ ಎಂದು ಮೊದಲೇ ಹೇಳಿ ಬಿಡಿಸಿದರು. ಒಂದೆರಡು ವಾರದ ನಂತರ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಬಣ್ಣದ ಪೆನ್ನು ಹಿಡಿದದ್ದು ಉಳಿದವರ ಅರ್ಧದಷ್ಟು ಹೊತ್ತು. ಪ್ರತಿಭಾ ಕಾರಂಜಿ ಬೇಡ ಎನ್ನುತ್ತಿಲ್ಲ. ಎಷ್ಟೋ ಹಳ್ಳಿ ಮಕ್ಕಳು ತಾಲ್ಲೂಕು ಕೇಂದ್ರದ ವೇದಿಕೆ ಕಂಡದ್ದೇ ಅದರಿಂದ. ಆದರೆ ಇಡೀ ವರ್ಷ ಇಬ್ಬರನ್ನು ಸ್ಪರ್ಧೆಗೆ ತಯಾರು ಮಾಡಿ, ಉಳಿದ 38 ಮಕ್ಕಳಿಗೆ ಹಿಂದೆ ಕೂತು ಹೋಮ್‌ವರ್ಕ್ ಮುಗಿಸಿ ಎನ್ನುವ ಶಾಲೆಯಲ್ಲಿ ಚಿತ್ರಕಲೆ ಇದೆ ಎನ್ನಲಾರೆ.

ಕಾಯ್ದೆಯಲ್ಲಿ ಜಾಗ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ, ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಕಲೆಗೆ ಅರೆಕಾಲಿಕ ಬೋಧಕರು ಇರಬೇಕೆನ್ನುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೇ ತರಗತಿವರೆಗೆ ಕಲೆ ಕಡ್ಡಾಯವಾಗಲಿ ಎಂದಿತ್ತು. ಫಲವೇನು ಎಂದು ಕೇಳುವ ಆಡಳಿತದವರಿಗೆ ನಾನು ಅಮೆರಿಕದ ಹ್ಯೂಸ್ಟನ್ ಊರಿನ ಲೆಕ್ಕ ಮುಂದಿಡುತ್ತೇನೆ: 42 ಶಾಲೆಗಳಲ್ಲಿ ಚೀಟಿ ಎತ್ತಿ ಕೆಲವಕ್ಕೆ ಕಲಾ ಕಾರ್ಯಕ್ರಮ ಹೆಚ್ಚಿಸಿದಾಗ, ಅಲ್ಲಿ ಶಿಸ್ತುಕ್ರಮಕ್ಕೆ ಒಳಗಾಗುವ ಮಕ್ಕಳ ಪ್ರಮಾಣ ಶೇಕಡಾ 3.6 ಅಂಶ ಇಳಿಯಿತು, ಬರವಣಿಗೆಯ ಅಂಕ ಏರಿತು, ಇನ್ನೊಬ್ಬರ ನೋವಿಗೆ ಮಿಡಿಯುವ ಗುಣವೂ ಹೆಚ್ಚಿತು. ಅಂಕ ಏರಿತು ಎಂಬಲ್ಲಿಗೆ ಅವರ ಕಿವಿ ನೆಟ್ಟಗಾಗುತ್ತದೆ.

ಆದರೂ ವೇಳಾಪಟ್ಟಿಯ ಹಲಗೆಯಲ್ಲಿ ದಸರಾ ರಜೆ ಮುಗಿದ ಮೇಲೆ ‘ಚಿತ್ರಕಲೆ’ ಎಂಬ ಚೌಕದ ಮೇಲೆ ಸೀಮೆಸುಣ್ಣದಲ್ಲಿ ‘ಗಣಿತ’ ಬೀಳುತ್ತದೆ. ಎಸ್ಸೆಸ್ಸೆಲ್ಸಿ ಮಕ್ಕಳಿಗಂತೂ ಜೂನ್‌ನಲ್ಲೇ. ಯಾವ ವರ್ಷ ಮಕ್ಕಳ ಕೈ ಹೆಚ್ಚು ನಡುಗುತ್ತದೋ ಆ ವರ್ಷವೇ ಮಣ್ಣು, ಬಣ್ಣ ಕಿತ್ತುಕೊಳ್ಳುತ್ತೇವೆ.

ನಾನು ಹೋಗುವ ಶಾಲೆಯೊಂದರಲ್ಲಿ ಮುಖ್ಯ ಶಿಕ್ಷಕಿಯ ಹತ್ತಿರ ಮೂರು ವರ್ಷ ಇದನ್ನೇ ಹೇಳಿದೆ. ಹತ್ತನೆಯವರಿಗೆ ವಾರಕ್ಕೆ ಒಂದೇ ಒಂದು ಪೀರಿಯಡ್, ಅಂಕವಿಲ್ಲ, ಸ್ಪರ್ಧೆಯಿಲ್ಲ, ನಾನೂ ಒಳಗೆ ಬರುವುದಿಲ್ಲ. ಈ ಸಲ ಶನಿವಾರ ಬೆಳಗಿನ ಶಾಲೆಯ ಕೊನೆಯ ಪೀರಿಯಡ್ ಕೊಟ್ಟಿದ್ದಾರೆ. ಜನವರಿಯವರೆಗೆ ಮಾತ್ರ ಎಂಬ ಷರತ್ತಿನ ಮೇಲೆ. ಮೊದಲ ಶನಿವಾರ ಏನು ತೆಗೆದರು ಎಂದು ಸರ್‌ಗೆ ಕೇಳಿದೆ. ‘ಇನ್ನೇನ್ರೀ ಮೇಡಂ, ಎರಡು ಗುಡ್ಡ. ಮೂವತ್ತಾರು ಮಂದಿ, ಎಪ್ಪತ್ತೆರಡು ಗುಡ್ಡ.’