ಕಲ್ಲಿನ ವಯಸ್ಸು ಹೇಳುವ ಮೀನಿನ ಹುರುಪೆ

1839ರಲ್ಲಿ ಆಡಂ ಸೆಜ್‌ವಿಕ್ ಮತ್ತು ರೊಡೆರಿಕ್ ಮರ್ಚಿಸನ್ ಎಂಬ ಬ್ರಿಟಿಷ್ ಭೂವಿಜ್ಞಾನಿಗಳು ಭೂಮಿಯ ಚರಿತ್ರೆಗೆ ‘ಡಿವೋನಿಯನ್’ ಎಂಬ ಹೊಸ ಅಧ್ಯಾಯ ಸೇರಿಸಿದರು. ಆಗ ಅವರ ಕೈಯಲ್ಲಿದ್ದ ಪುರಾವೆ ಅಷ್ಟೇನೂ ಗಟ್ಟಿಯದಲ್ಲ. ಇಂಗ್ಲೆಂಡಿನ ನೈಋತ್ಯ ಮೂಲೆಯ ಡೆವನ್‌ನಲ್ಲಿ ಸಿಗುವುದು ಮಡಿಚಿ ಮುರುಟಿದ ಸ್ಲೇಟು, ಸುಣ್ಣದಕಲ್ಲು. ಅವುಗಳೊಳಗೆ ಹವಳ, ಕಡಲ ಚಿಪ್ಪು. ವೇಲ್ಸ್ ಗಡಿಯಲ್ಲಿ, ಸ್ಕಾಟ್ಲೆಂಡಿನಲ್ಲಿ ಸಾವಿರಾರು ಅಡಿ ದಪ್ಪಕ್ಕೆ ಹಾಸಿಕೊಂಡಿರುವುದು ‘ಓಲ್ಡ್ ರೆಡ್ ಸ್ಯಾಂಡ್‌ಸ್ಟೋನ್’ ಎಂಬ ಕೆಂಪು ಮರಳುಗಲ್ಲು. ಅದರಲ್ಲಿ ಕಡಲ ಚಿಪ್ಪು ಇಲ್ಲವೆಂದೇ ಹೇಳಬೇಕು, ಇರುವುದು ವಿಚಿತ್ರ ಆಕಾರದ ಮೀನುಗಳು. ಎರಡೂ ಒಂದೇ ಕಾಲದಲ್ಲಿ ಹುಟ್ಟಿದ ಕಲ್ಲುಗಳು ಎಂಬುದು ಇವರ ವಾದ. ಒಂದರ ಪಳೆಯುಳಿಕೆ ಇನ್ನೊಂದರಲ್ಲಿ ಇಲ್ಲದಿರುವಾಗ ಒಪ್ಪುವವರು ಯಾರು?

ಪಳೆಯುಳಿಕೆ ನೋಡಿ ಪದರ ಗುರುತಿಸುವ ವಿದ್ಯೆ ಆಗಲೇ ರೂಢಿಯಲ್ಲಿತ್ತು. ಕಾಲುವೆ ತೋಡಿಸುತ್ತಿದ್ದ ಸರ್ವೇಯರ್ ವಿಲಿಯಂ ಸ್ಮಿತ್ ಅದನ್ನು ಬಳಸಿ 1815ರಲ್ಲೇ ಇಂಗ್ಲೆಂಡ್–ವೇಲ್ಸ್‌ನ ಭೂವೈಜ್ಞಾನಿಕ ನಕಾಶೆ ಹೊರತಂದಿದ್ದ. ಡೆವನ್‌ನ ಹವಳಗಳನ್ನು ನೋಡಿದ ಭೂವಿಜ್ಞಾನಿ ವಿಲಿಯಂ ಲಾನ್ಸ್‌ಡೇಲ್, ಇವು ಹಳೆಯದಾದ ಸಿಲೂರಿಯನ್ ಮತ್ತು ಈಚಿನದಾದ ಕಾರ್ಬಾನಿಫೆರಸ್ ಕಾಲಗಳ ನಡುವಿನವು ಎಂದು 1837ರಲ್ಲಿ ಸೂಚಿಸಿದ್ದ. ಕೆಂಪು ಮರಳುಗಲ್ಲೂ ಅದೇ ಎರಡರ ನಡುವೆ ಕುಳಿತಿತ್ತು. ತರ್ಕವೇನೋ ಸರಿ. ಆದರೆ ಕಡಲ ಜೀವಿಗಳ ಲೆಕ್ಕವನ್ನು ನದಿ, ಸರೋವರಗಳ ಕೆಸರಿನಲ್ಲಿ ಬಿದ್ದ ಕಲ್ಲಿಗೆ ದಾಟಿಸುವ ಸೇತುವೆ ಬೇಕಿತ್ತು.

ಅದು ಸಿಕ್ಕಿದ್ದು ರಷ್ಯಾದಲ್ಲಿ. 1840ರ ಬೇಸಿಗೆಯಲ್ಲಿ ಮರ್ಚಿಸನ್, ಫ್ರಾನ್ಸಿನ ಎದುವಾರ್ ದ ವೆರ್ನಾಯ್ ಜೊತೆ ಅಲ್ಲಿಗೆ ಹೋದ. ಬ್ರಿಟನ್ನಿನಲ್ಲಿ ತಿರುಚಿ ತಲೆಕೆಳಗಾಗಿದ್ದ ಪದರಗಳು ಅಲ್ಲಿ ಚಾಪೆಯಂತೆ ಮಟ್ಟಸವಾಗಿದ್ದವು. ವಾಯವ್ಯ ರಷ್ಯಾದ ಪದರಗಳಲ್ಲಿ ಸ್ಕಾಟ್ಲೆಂಡಿನ ಹೊಲೊಪ್ಟಿಕಿಯಸ್ ಮೀನೂ ಡೆವನ್‌ನ ಚಿಪ್ಪುಗಳೂ ಅಕ್ಕಪಕ್ಕದಲ್ಲೇ ಹುದುಗಿದ್ದವು. ವಾದ ಬಹುಮಟ್ಟಿಗೆ ಅಲ್ಲಿಗೆ ಮುಗಿಯಿತು. ಚಿಪ್ಪು ಕಡಲು ಬಿಟ್ಟು ಬರುವುದಿಲ್ಲ; ಆ ಕಾಲದ ಕೆಲವು ಮೀನುಗಳು ಉಪ್ಪುನೀರು, ಸಿಹಿನೀರು ಎರಡರಲ್ಲೂ ಉಳಿದಿದ್ದವು. ಕಾಲ ಹೇಳುವ ಕೆಲಸದಲ್ಲಿ ಮೀನಿಗೆ ಬೆಲೆ ಬಂದದ್ದು ಅದರ ಈ ಗುಣದಿಂದ.

ಮೀನುಗಳನ್ನು ಹೆಸರಿಟ್ಟು ವಿಂಗಡಿಸುತ್ತಿದ್ದವನು ಸ್ವಿಟ್ಜರ್ಲೆಂಡಿನ ಲೂಯಿ ಅಗಾಸಿ. ಸ್ಕಾಟ್ಲೆಂಡಿನ ಕ್ರೊಮಾರ್ಟಿಯ ಕಲ್ಲುಕುಟಿಗ ಹ್ಯೂ ಮಿಲ್ಲರ್ ಒಡೆದು ತೆಗೆದಿದ್ದ, ರೆಕ್ಕೆಯಂಥ ಎರಡು ತೋಳಿನ, ಮೈತುಂಬ ಮೂಳೆ ಕವಚದ ವಿಚಿತ್ರ ಪ್ರಾಣಿಯನ್ನು ಮೀನೆಂದು ಗುರುತಿಸಿ, ಅದಕ್ಕೆ ಮಿಲ್ಲರನ ಹೆಸರನ್ನೇ ಇಟ್ಟವನೂ ಇವನೇ. ಅಗಾಸಿ ಎಲ್ಲ ಮೀನುಗಳನ್ನು ಹುರುಪೆಯ ಬಗೆ ನೋಡಿ ನಾಲ್ಕು ಗುಂಪು ಮಾಡಿದ್ದ. ಆ ವರ್ಗೀಕರಣವನ್ನು ಮುಂದಿನವರು ಕೈಬಿಟ್ಟರು. ಆದರೂ ಕಲ್ಲಿನ ಕಾಲ ಅಳೆಯಲು ಕೊನೆಗೆ ಬೇಕಾದದ್ದು ಹುರುಪೆಯೇ ಎಂಬುದು ನನಗಂತೂ ಈ ಕಥೆಯ ಸ್ವಾರಸ್ಯದ ತಿರುವು.

ಅದಕ್ಕೆ ಮೊದಲು ಗಡಿಯ ಜಗಳವೊಂದಿದೆ. ಸಿಲೂರಿಯನ್ ಎಲ್ಲಿ ಮುಗಿದು ಡಿವೋನಿಯನ್ ಎಲ್ಲಿ ಶುರುವಾಗುತ್ತದೆ? ಇಂಗ್ಲೆಂಡಿನ ಲಡ್ಲೋ ಊರಿನ ಬಳಿ ರಸ್ತೆ ಪಕ್ಕದ ಬಂಡೆಯಲ್ಲಿ ಕೆಲವೇ ಸೆಂಟಿಮೀಟರ್ ದಪ್ಪದ ಒಂದು ಪದರವಿದೆ, ‘ಲಡ್ಲೋ ಬೋನ್ ಬೆಡ್’ ಎಂದು ಅದರ ಹೆಸರು. ಮೀನಿನ ಹುರುಪೆ, ಮುಳ್ಳು, ಮೂಳೆಚೂರುಗಳು ಅದರಲ್ಲಿ ಕಿಕ್ಕಿರಿದಿವೆ. ಕಣ್ಣಿಗೆ ಕಾಣುವ, ಕೈಯಿಟ್ಟು ತೋರಿಸಬಹುದಾದ ಗುರುತು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನ ಎರೊಲ್ ವೈಟ್ 1950ರಲ್ಲಿ ಡಿವೋನಿಯನ್ನಿನ ಬುಡವನ್ನು ಇಲ್ಲೇ ಇಡಬೇಕು ಎಂದ. ಮೇಲಿನ ಕೆಂಪು ಕಲ್ಲನ್ನು, ದವಡೆಯಿಲ್ಲದ ಕವಚಮೀನು ಟೆರಾಸ್ಪಿಸ್ ಮತ್ತದರ ನೆಂಟರು ಒಬ್ಬರ ನಂತರ ಒಬ್ಬರು ಬಂದುಹೋದ ಕ್ರಮದಲ್ಲಿ ವಲಯಗಳಾಗಿ ವಿಂಗಡಿಸಿದ.

ಮಧ್ಯ ಯುರೋಪಿನವರು ಒಪ್ಪಲಿಲ್ಲ. ಅವರಲ್ಲಿ ಕಡಲ ಪದರಗಳು ಕಡಿಯದೆ ಸಾಗಿದ್ದವು, ಗ್ರಾಪ್ಟೊಲೈಟ್‌ಗಳು, ಅಂದರೆ ಕಡಲಲ್ಲಿ ಗುಂಪಾಗಿ ತೇಲುತ್ತಿದ್ದ, ಈಗ ಅಳಿದುಹೋದ ಪುಟ್ಟ ಜೀವಿಗಳು, ಪದರದಿಂದ ಪದರಕ್ಕೆ ಬದಲಾಗುವುದು ಅಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಕಡೆಗೆ 1972ರಲ್ಲಿ ಮಾಂಟ್ರಿಯಲ್‌ನ ಅಂತಾರಾಷ್ಟ್ರೀಯ ಭೂವಿಜ್ಞಾನ ಸಮಾವೇಶದಲ್ಲಿ ಅವರೇ ಗೆದ್ದರು. ಆಗಿನ ಜೆಕೊಸ್ಲೊವಾಕಿಯಾದ ಕ್ಲೊಂಕ್ ಎಂಬ ಗುಡ್ಡದ ಒಂದು ಪದರದಲ್ಲಿ ಮೊನೊಗ್ರಾಪ್ಟಸ್ ಯೂನಿಫಾರ್ಮಿಸ್ ಎಂಬ ಗ್ರಾಪ್ಟೊಲೈಟ್ ಮೊದಲು ಕಾಣಿಸಿಕೊಳ್ಳುವ ಜಾಗವೇ ಗಡಿ ಎಂದಾಯಿತು, ಈಗಿನ ಲೆಕ್ಕದಲ್ಲಿ ಸುಮಾರು 41.9 ಕೋಟಿ ವರ್ಷದ ಹಿಂದಿನದು. ಭೂಕಾಲದ ಗಡಿಯೊಂದನ್ನು ಇಡೀ ಜಗತ್ತಿಗೆ ಅನ್ವಯಿಸುವಂತೆ ಒಂದೇ ಸ್ಥಳದಲ್ಲಿ ನೆಟ್ಟದ್ದು ಅದೇ ಮೊದಲು. ಲಡ್ಲೋ ಪದರ ಸುಮಾರು 40 ಲಕ್ಷ ವರ್ಷ ಕೆಳಗುಳಿದು ಸಿಲೂರಿಯನ್ ಪಾಲಾಯಿತು.

ಮೀನಿನವರು ಸೋತರು ಎಂದುಕೊಳ್ಳಬೇಡಿ. ಅವರ ಕೆಲಸ ಹೆಚ್ಚಾಯಿತು. ವೇಲ್ಸ್‌ನ ಕೆಂಪು ಕಲ್ಲಿನಲ್ಲಿ ಗ್ರಾಪ್ಟೊಲೈಟ್ ಇಲ್ಲವಲ್ಲ! ಕ್ಲೊಂಕ್‌ನಲ್ಲಿ ನೆಟ್ಟ ಗಡಿಯನ್ನು ಇಲ್ಲಿ ಎಲ್ಲಿ ಎಳೆಯುವುದು? ಇಡೀ ಮೀನು ಸಿಗುವುದು ಅಪರೂಪ, ಅದಕ್ಕಾಗಿ ಕಾಯುತ್ತ ಕೂತರೆ ಆಗುವುದಿಲ್ಲ. ಇಲ್ಲಿ ನೆರವಿಗೆ ಬಂದವು ಥೆಲೊಡಾಂಟ್‌ಗಳು. ದವಡೆಯಿಲ್ಲದ ಈ ಪುಟ್ಟ ಮೀನುಗಳಿಗೆ ಗಟ್ಟಿ ಕವಚವಿಲ್ಲ, ಮೈಯೆಲ್ಲ ಹುರುಪೆ. ಒಂದೊಂದು ಮೀನಿನ ಮೇಲೆ ಸಾವಿರಾರು, ಒಂದೊಂದೂ ಹೆಚ್ಚುಕಡಿಮೆ ಒಂದು ಮಿಲಿಮೀಟರ್.

ಅವನ್ನು ಹೊರತೆಗೆಯುವುದು ತಾಳ್ಮೆಯ ಕೆಲಸ. ಮುಷ್ಟಿಗಾತ್ರದ ಸುಣ್ಣದಕಲ್ಲನ್ನು ತೆಳು ಅಸಿಟಿಕ್ ಆಮ್ಲದಲ್ಲಿ, ಅಂದರೆ ವಿನೆಗರಿನಲ್ಲಿರುವ ಆಮ್ಲದಲ್ಲೇ, ಮುಳುಗಿಸಿಡುತ್ತಾರೆ. ಸುಣ್ಣ ಮೆಲ್ಲಗೆ ಕರಗುತ್ತದೆ. ಫಾಸ್ಫೇಟಿನಿಂದಾದ ಹುರುಪೆ ಕರಗುವುದಿಲ್ಲ. ತಳದ ಗಸಿಯನ್ನು ಜರಡಿ ಹಿಡಿದು, ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದಡಿ ಒದ್ದೆ ಕುಂಚದ ತುದಿಯಿಂದ ಒಂದೊಂದಾಗಿ ಹೆಕ್ಕುತ್ತಾರೆ. ಮೇಲೆ ಹೊಳೆಯುವ ಕಿರೀಟ, ಕೆಳಗೆ ಕುತ್ತಿಗೆ, ಬುಡ. ಏಣುಗಳು ಎಷ್ಟು, ಹೇಗೆ ಬಾಗಿವೆ, ತಿರುಳಿನ ರಂಧ್ರ ಎಷ್ಟು ತೆರೆದಿದೆ ಎಂಬುದರಲ್ಲಿ ಜಾತಿಯ ಗುರುತಿದೆ. ಇಲ್ಲೊಂದು ಮೋಸವೂ ಇದೆ: ಒಂದೇ ಮೀನಿನ ತಲೆಯ ಹುರುಪೆ ಗುಂಡಗೆ, ಬೆನ್ನಿನದು ನೀಳ. ಹಿಂದಿನವರು ಇವನ್ನು ಬೇರೆ ಬೇರೆ ಜಾತಿಗಳೆಂದು ಬರೆದಿಟ್ಟಿದ್ದೂ ಉಂಟು. 1967ರಲ್ಲಿ ಜರ್ಮನಿಯ ವಾಲ್ಟರ್ ಗ್ರಾಸ್ ಈ ಗೊಂದಲವನ್ನು ಬಹುಪಾಲು ಬಿಡಿಸಿದ.

ಮುಂದೆ ಸೂಸನ್ ಟರ್ನರ್ 1973ರಲ್ಲಿ ವೇಲ್ಸ್ ಗಡಿಯ ಪದರಗಳನ್ನು ಥೆಲೊಡಾಂಟ್ ಹುರುಪೆಗಳಿಂದಲೇ ವಿಂಗಡಿಸಿದರು. ಲಿಥುವೇನಿಯಾದ ವಲೆಂತಿನಾ ಕರಾತಾಯೂತೆ-ತಾಲಿಮಾ, ಎಸ್ಟೋನಿಯಾದ ತೀಯು ಮ್ಯಾರ್ಸ್ ಬಾಲ್ಟಿಕ್ ಸೀಮೆಯಲ್ಲಿ ಅದೇ ಕೆಲಸವನ್ನು ಕೊಳವೆ ಕೊರೆದು ತೆಗೆದ ಕಲ್ಲುದಿಂಡುಗಳ ಮೇಲೆ ಮಾಡಿದರು. ಅಂಗೈಯಗಲದ ದಿಂಡಿನಲ್ಲಿ ಇಡೀ ಮೀನು ಸಿಗುವುದುಂಟೆ? ಹುರುಪೆ ಸಿಗುತ್ತದೆ. ಉಕ್ರೇನಿನ ನೀಸ್ತರ್ ನದಿ ಕಣಿವೆಯಲ್ಲಿ ಕಡಲ ಪದರಗಳು ಮೇಲೇರುತ್ತ ಕೆಂಪು ಮರಳುಗಲ್ಲಾಗಿ ಬದಲಾಗುವುದರಿಂದ, ಮರ್ಚಿಸನ್ನನಿಗೆ ರಷ್ಯಾ ಕೊಟ್ಟಂಥ ಸೇತುವೆ ಈ ಗಡಿಗೂ ಸಿಕ್ಕಿತು. 1991ರಿಂದ 1996ರವರೆಗೆ ಅಲೆನ್ ಬ್ಲೀಕ್ ಮತ್ತು ಟರ್ನರ್ ಮುಂದಾಳತ್ವದ ಅಂತಾರಾಷ್ಟ್ರೀಯ ಯೋಜನೆ ಇಂಥ ತುಣುಕು ಲೆಕ್ಕಗಳನ್ನು ಖಂಡಾಂತರ ಜೋಡಿಸಲು ಯತ್ನಿಸಿತು.

ನಮ್ಮ ಕರ್ನಾಟಕದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಮನೆ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲೂ ಸುಣ್ಣದಕಲ್ಲೇ, ಆಮ್ಲದಲ್ಲಿ ಕರಗುವಂಥದ್ದೇ. ಆದರೆ ಭೀಮಾ ಕಣಿವೆಯ ಆ ಕಲ್ಲು ಮೀನುಗಳು ಹುಟ್ಟುವುದಕ್ಕೆ ಮುಂಚಿನದು.

ಮೀನು ಹೇಳಿದ್ದೆಲ್ಲ ನಿಜವೂ ಅಲ್ಲ. ಬೋತ್ರಿಯೊಲೆಪಿಸ್ ಎಂಬ ಕವಚಮೀನನ್ನೇ ನೋಡಿ. ಬಾಲ್ಟಿಕ್‌ನಲ್ಲಿ ಅದು ಡಿವೋನಿಯನ್ನಿನ ಕೊನೆಯ ಭಾಗದ ಗುರುತು. ಅಂಟಾರ್ಕ್ಟಿಕಾದ ಅಜ್ಟೆಕ್ ಸಿಲ್ಟ್‌ಸ್ಟೋನ್ ಪದರದಲ್ಲೂ ಅದು ಸಿಕ್ಕಾಗ, ಇದೂ ಕೊನೆಯ ಭಾಗದ್ದೇ ಎಂದು ಬಗೆದರು. ಆಸ್ಟ್ರೇಲಿಯಾದ ಗೇವಿನ್ ಯಂಗ್ ಆ ಪದರದ ಮೀನುಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದಾಗ ಅವು ಇನ್ನೂ ಹಳೆಯವು, ಡಿವೋನಿಯನ್ನಿನ ನಡುಭಾಗದವು ಎಂಬ ಕಡೆಗೆ ವಾಲಿತು. ದಕ್ಷಿಣದ ಖಂಡಗಳಲ್ಲೂ ಚೀನಾದಲ್ಲೂ ಮೊದಲೇ ಇದ್ದ ಮೀನು ಯುರೋಪಿಗೆ ತಡವಾಗಿ ಬಂದಿತ್ತು. ಒಂದೇ ಕುಲದ ಮೀನು ಎರಡು ಕಡೆ ಸಿಕ್ಕಿತೆಂದ ಮಾತ್ರಕ್ಕೆ ಕಾಲವೂ ಒಂದೇ ಎನ್ನಲಾಗದು. ಕವಚಮೀನು ಕೈಕೊಡುವಲ್ಲಿ ಜೊತೆಗೆ ಸಿಕ್ಕ ಹುರುಪೆ, ಸಸ್ಯಗಳ ಬೀಜಾಣು, ಜ್ವಾಲಾಮುಖಿ ಬೂದಿಯಲ್ಲಿ ಸಿಗುವ ಜಿರ್ಕಾನ್ ಹರಳಿನಲ್ಲಿ ಯುರೇನಿಯಂ ಸೀಸವಾಗಿ ಬದಲಾಗುವ ಲೆಕ್ಕ, ಇವೆಲ್ಲ ಸಾಕ್ಷಿ ಹೇಳಬೇಕು.

ಸಾಕ್ಷಿಯೇ ಸುಳ್ಳಾದರೆ? ಅದೂ ಆಗಿದೆ, ನಮ್ಮಲ್ಲೇ. ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಹಿಮಾಲಯದ ಪಳೆಯುಳಿಕೆಗಳ ಬಗ್ಗೆ ನೂರಾರು ಪ್ರಬಂಧ ಬರೆದಿದ್ದರು. ಹಿಮಾಲಯದ್ದೆಂದು ಅವರು ತೋರಿಸಿದ್ದ ಕಾನೊಡಾಂಟ್‌ಗಳು, ಅಂದರೆ ಮೀನಿಗೆ ದೂರದ ನೆಂಟರಾದ ಹಾವುಮೀನಿನಂಥ ಪ್ರಾಣಿಗಳ ಹಲ್ಲುಗಳು, ನ್ಯೂಯಾರ್ಕ್ ರಾಜ್ಯದ ಆಮ್ಸ್‌ಡೆಲ್ ತೊರೆಯ ಮಾದರಿಗಳನ್ನೇ ಹೋಲುತ್ತಿದ್ದವು. ಆಸ್ಟ್ರೇಲಿಯಾದ ಜಾನ್ ಟ್ಯಾಲೆಂಟ್ 1989ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದನ್ನು ಬಯಲಿಗೆಳೆದರು. ಅದಕ್ಕೆ ಹಿಂದಿನ ವರ್ಷವೇ ಭಾರತೀಯರೂ ಸೇರಿದ ಸಹಲೇಖಕರೊಂದಿಗೆ ಅವರು ಭಾರತ, ನೇಪಾಳ, ಭೂತಾನಗಳ ಸಿಲೂರಿಯನ್–ಡಿವೋನಿಯನ್ ದಾಖಲೆಗಳನ್ನು ಸೋಸಿ ನೋಡಿದ್ದರು. ಹಿಮಾಲಯದ ಆ ಕಾಲದ ಪದರಗಳನ್ನು ಬೇರೆ ಖಂಡಗಳ ಪದರಗಳೊಂದಿಗೆ ಹೊಂದಿಸಲು ಹೊರಡುವವರು ಈಗ ಮೊದಲು ಮಾಡಬೇಕಾದ ಕೆಲಸ, ಆ ಪ್ರಬಂಧಗಳ ಮಾದರಿಗಳನ್ನು ಲೆಕ್ಕದಿಂದ ಹೊರಗಿಡುವುದು.