‘ಟೋಟಲ್’ ಅಂದರೆ ಎಲ್ಲವೂ ಅಲ್ಲ: ಹಿಸ್ಟರೆಕ್ಟಮಿಯ ಲೆಕ್ಕ

‘ಟೋಟಲ್ ಹಿಸ್ಟರೆಕ್ಟಮಿ ಆಗಿದೆ, ಅಂದಮೇಲೆ ಅಂಡಾಶಯವೂ ಹೋಯಿತು, ಇನ್ನು ಹಾರ್ಮೋನ್ ಮಾತ್ರೆ ಶುರುಮಾಡಬೇಕು.’ ಗರ್ಭಕೋಶ ತೆಗೆಯುವ ಶಸ್ತ್ರಚಿಕಿತ್ಸೆಯ ಬಗ್ಗೆ ಆರೋಗ್ಯದ ಬರಹಗಳಲ್ಲಿ ಈ ಮಾತು ಒಂದಲ್ಲ ಒಂದು ರೂಪದಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಮೊದಲ ತುಂಡು ನಿಜವೇ ಇರಬಹುದು, ಆದರೆ ಎರಡನೆಯದು ಅದರ ಬಾಲವಲ್ಲ. ‘ಟೋಟಲ್’ ಎಂಬುದು ಗರ್ಭಕೋಶದ ಲೆಕ್ಕ. ಅಂಡಾಶಯ ಆ ಲೆಕ್ಕದ ಪುಸ್ತಕದಲ್ಲೇ ಇಲ್ಲ.

ಪದವನ್ನು ಬಿಡಿಸಿದರೆ ಅರ್ಧ ಗೊಂದಲ ಅಲ್ಲೇ ಕರಗುತ್ತದೆ. ಗ್ರೀಕಿನಲ್ಲಿ ‘ಹಿಸ್ಟೆರಾ’ ಅಂದರೆ ಗರ್ಭಕೋಶ, ‘ಎಕ್’ ಅಂದರೆ ಹೊರಕ್ಕೆ, ‘ಟೊಮೆ’ ಅಂದರೆ ಕೊಯ್ಯುವುದು. ಗರ್ಭಕೋಶವನ್ನು ಕೊಯ್ದು ಹೊರತೆಗೆಯುವುದು ಹಿಸ್ಟರೆಕ್ಟಮಿ. ನಡುವಿನ ಆ ‘ಎಕ್’ ಬಿಟ್ಟರೆ ಕಥೆಯೇ ಬೇರೆ. ಹಿಸ್ಟೆರಾಟಮಿ ಅಂದರೆ ಗರ್ಭಕೋಶವನ್ನು ಬರೀ ಕೊಯ್ದು ತೆರೆಯುವುದು, ಸಿಸೇರಿಯನ್‌ನಲ್ಲಿ ಮಗುವನ್ನು ತೆಗೆಯಲು ಮಾಡುವ ಕೊಯ್ತ ಇದೇ. ಹಿಸ್ಟೆರೊಸ್ಕೋಪಿಯಲ್ಲಿ ತೆಳ್ಳನೆಯ ಕೊಳವೆ ತೂರಿಸಿ ಒಳಗೆ ನೋಡುತ್ತಾರೆ. ಬೇಕಾದರೆ ಪಾಲಿಪ್‌ನಂಥ ಸಣ್ಣ ಗಂಟನ್ನು ತೆಗೆಯುತ್ತಾರೆ, ಗರ್ಭಕೋಶ ಇದ್ದಲ್ಲೇ ಇರುತ್ತದೆ. ಟ್ಯೂಬೆಕ್ಟಮಿಯಲ್ಲಿ ‘ಎಕ್ಟಮಿ’ ಇದೆ ನಿಜ, ಆದರೆ ಅಲ್ಲಿ ಹೋಗುವುದು ಅಂಡನಾಳದ ತುಂಡು. ಇವೆಲ್ಲಕ್ಕೂ ಸಾರಾಸಗಟಾಗಿ ‘ಗರ್ಭಕೋಶದ ಆಪರೇಷನ್’ ಎಂದು ಬರೆದು ಕೈತೊಳೆದುಕೊಂಡರೆ ಓದುವವರಿಗೆ ಏನು ಉಳಿಯಿತು, ಏನು ಹೋಯಿತು ಎಂಬುದೇ ತಿಳಿಯುವುದಿಲ್ಲ.

(ಹಿಸ್ಟೀರಿಯಾ ಕೂಡ ಇದೇ ಬೇರಿನದು. ಗರ್ಭಕೋಶ ಮೈಯೊಳಗೆ ಅಲೆದಾಡಿ ಹೆಂಗಸರ ತಲೆ ಕೆಡಿಸುತ್ತದೆ ಎಂಬ ಹಳೆಯ ಗ್ರೀಕ್ ನಂಬಿಕೆಯ ಪಳೆಯುಳಿಕೆ ಅದು. ಅಂಡಾಶಯಕ್ಕೆ ಕೆಲವರು ‘ಅಂಡಕೋಶ’ ಎಂದು ಬರೆಯುತ್ತಾರೆ. ಸಂಸ್ಕೃತದಲ್ಲಿ ಅದು ವೃಷಣದ ಚೀಲ, ದಯವಿಟ್ಟು ಬೇಡ.)

ಈಗ ‘ಟೋಟಲ್’. ಗರ್ಭಕೋಶ ತಲೆಕೆಳಗಾದ ಪಿಯರ್ ಹಣ್ಣಿನ ಆಕಾರದ್ದು. ಮೇಲಿನ ಅಗಲವಾದದ್ದು ಒಡಲು, ಯೋನಿಯೊಳಕ್ಕೆ ಚಾಚಿಕೊಂಡ ಕೆಳಗಿನ ಕುತ್ತಿಗೆ ಗರ್ಭಕಂಠ. ಒಡಲು, ಕಂಠ ಎರಡನ್ನೂ ತೆಗೆದರೆ ಟೋಟಲ್. ಕಂಠವನ್ನು ಉಳಿಸಿದರೆ ಸಬ್‌ಟೋಟಲ್. ಸುತ್ತಲಿನ ಅಂಗಾಂಶ, ಯೋನಿಯ ಮೇಲ್ಭಾಗವನ್ನೂ ಸೇರಿಸಿ ತೆಗೆದರೆ ರ‍್ಯಾಡಿಕಲ್, ಅದು ಮುಖ್ಯವಾಗಿ ಗರ್ಭಕಂಠದ ಕ್ಯಾನ್ಸರ್‌ಗೆ. ಈ ಮೂರರಲ್ಲಿ ಯಾವುದೂ ತನ್ನಷ್ಟಕ್ಕೆ ಅಂಡಾಶಯದ ಮಾತೆತ್ತುವುದಿಲ್ಲ. ಅಂಡಾಶಯ ತೆಗೆಯುವುದಕ್ಕೆ ಊಫರೆಕ್ಟಮಿ ಎಂಬ ಬೇರೆಯೇ ಹೆಸರಿದೆ, ಅಂಡನಾಳ ತೆಗೆಯುವುದು ಸಾಲ್ಪಿಂಜೆಕ್ಟಮಿ. ಡಿಸ್ಚಾರ್ಜ್ ಸಮರಿಯಲ್ಲಿ ‘ಟಿಎಎಚ್’ ಎಂದಷ್ಟೇ ಇದ್ದರೆ ಹೊಟ್ಟೆ ಕೊಯ್ದು ಒಡಲು, ಕಂಠ ತೆಗೆದಿದ್ದಾರೆ ಎಂದರ್ಥ. ಅದರ ಬೆನ್ನಿಗೆ ‘ಬಿಎಸ್ಒ’ ಇದ್ದರೆ ಮಾತ್ರ ಎರಡೂ ಕಡೆಯ ನಾಳ, ಅಂಡಾಶಯಗಳೂ ಹೋಗಿವೆ. ಅಂಡಾಶಯ ಉಳಿಸಿ ನಾಳಗಳನ್ನಷ್ಟೇ ತೆಗೆಯುವುದೂ ಉಂಟು, ಏಕೆಂದರೆ ಅಂಡಾಶಯದ ಕ್ಯಾನ್ಸರ್ ಎನಿಸಿಕೊಳ್ಳುವ ಹಲವು ಗಡ್ಡೆಗಳು ಹುಟ್ಟುವುದು ನಾಳದ ತುದಿಯಲ್ಲಿ.

ಇದನ್ನು ಇಷ್ಟು ಎಳೆಯಲು ಕಾರಣವಿದೆ. ಮುಟ್ಟು ನಿಲ್ಲುವುದೂ ಋತುಬಂಧವೂ ಇಲ್ಲಿ ಒಂದೇ ಅಲ್ಲ. ಗರ್ಭಕೋಶ ಹೋದರೆ ಮುಟ್ಟು ನಿಲ್ಲುತ್ತದೆ, ಸುರಿಯಲು ಒಳಪದರವೇ ಇಲ್ಲವಲ್ಲ. ಆದರೆ ಅಂಡಾಶಯ ಇದ್ದರೆ ಈಸ್ಟ್ರೋಜೆನ್ ಬರುತ್ತಲೇ ಇರುತ್ತದೆ, ತಿಂಗಳಿಗೊಮ್ಮೆ ಎದೆ ಬಿಗಿಯುವುದು, ಸಿಡುಕು ಹಾಗೇ ಮುಂದುವರಿಯಬಹುದು. ಬಿಡುಗಡೆಯಾದ ಅಂಡಾಣು ಎಲ್ಲಿ ಹೋಗುತ್ತದೆ ಎಂದು ಕೇಳುವವರುಂಟು: ಸೂಜಿಮೊನೆಯಷ್ಟಿರುವ ಅದು ಹೊಟ್ಟೆಯೊಳಗೇ ಕರಗಿಹೋಗುತ್ತದೆ. ಋತುಬಂಧಕ್ಕೆ ಮುಂಚೆಯೇ ಎರಡೂ ಅಂಡಾಶಯ ತೆಗೆದರೆ ಮಾತ್ರ ಹಾರ್ಮೋನ್ ಕೆಲವೇ ದಿನಗಳಲ್ಲಿ ಕುಸಿದು ಮೈ ಬಿಸಿಯೇರುವುದು, ಬೆವರು, ನಿದ್ದೆಗೇಡು ಒಮ್ಮೆಲೇ ಎರಗುತ್ತವೆ. ಮುಂದೆ ಮೂಳೆಯೂ ಸವೆಯುತ್ತದೆ. ಹಾರ್ಮೋನ್ ಮಾತ್ರೆಯ ಪ್ರಶ್ನೆ ಏಳುವುದು ಹೆಚ್ಚಾಗಿ ಇಲ್ಲಿ.

ಇನ್ನೊಂದು ಸವಕಲು ಮಾತು, ‘ಕೀಹೋಲ್‌ನಲ್ಲಿ ಮಾಡಿದ್ದು, ಸಣ್ಣ ಆಪರೇಷನ್.’ ಸಣ್ಣದಾಗಿರುವುದು ಹೊಟ್ಟೆಯ ಮೇಲಿನ ತೂತು: ಮೂರೋ ನಾಲ್ಕೋ, ಐದರಿಂದ ಹನ್ನೆರಡು ಮಿಲಿಮೀಟರಿನವು. ಒಳಗಿನ ಕೆಲಸ ಹೊಟ್ಟೆ ಕೊಯ್ದು ಮಾಡುವಷ್ಟೇ ದೊಡ್ಡದು. ಕಂಠ ತೆಗೆದ ಮೇಲೆ ಯೋನಿಯ ಮೇಲ್ತುದಿ ತೆರೆದೇ ಇರುತ್ತದೆ. ಅದನ್ನು ಚೀಲದ ಬಾಯಿ ಹೊಲಿದಂತೆ ಅಡ್ಡಲಾಗಿ ಹೊಲಿಯುತ್ತಾರೆ, ಅದೇ ‘ಕಫ್’. ಹೊಟ್ಟೆಯ ಮೇಲಿನ ಗಾಯ ಹತ್ತು ದಿನಕ್ಕೆ ಒಣಗಿ ಎಲ್ಲ ಮುಗಿಯಿತು ಎನಿಸುವ ಹೊತ್ತಿಗೆ ಕಫ್ ಇನ್ನೂ ಹಸಿಯಾಗಿರುತ್ತದೆ. ಕರಗುವ ದಾರಕ್ಕೆ, ಒಳಗಾಯ ಗಟ್ಟಿಯಾಗುವುದಕ್ಕೆ ವಾರಗಳು ಬೇಕು. ಆರರಿಂದ ಎಂಟು ವಾರ ಲೈಂಗಿಕ ಸಂಪರ್ಕ, ಟ್ಯಾಂಪೂನ್ ಬೇಡ, ನಾಲ್ಕೈದು ಕಿಲೋಗಿಂತ ಭಾರ ಎತ್ತಬೇಡಿ ಎನ್ನುವುದು ಇದಕ್ಕೇ. ಮಲವಿಸರ್ಜನೆಗೆ ತಿಣುಕುವುದೂ ಭಾರ ಎತ್ತಿದಂತೆಯೇ. ನೋವಿನ ಮಾತ್ರೆ ಮಲ ಕಟ್ಟಿಸುತ್ತದೆ, ಹಾಗಾಗಿ ಮಲ ಮೆದುಗೊಳಿಸುವ ಔಷಧವನ್ನು ವೈದ್ಯರು ಬರೆದಿದ್ದರೆ ಬಿಡಬೇಡಿ.

ಆದರೆ ‘ಭಾರ ಬೇಡ’ ಎಂದರೆ ‘ಮಲಗಿರು’ ಎಂದಲ್ಲ. ಅಂದೇ ಅಥವಾ ಮರುದಿನವೇ ಎದ್ದು ನಡೆಸುತ್ತಾರೆ, ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟದಿರಲಿ ಎಂದು. ಲ್ಯಾಪರೊಸ್ಕೋಪಿ (ಅದೇ ಕೀಹೋಲ್) ಆದವರಿಗೆ ಹೊಟ್ಟೆ ಬಿಟ್ಟು ಭುಜ ನೋಯುವುದುಂಟು. ಹೊಟ್ಟೆ ಉಬ್ಬಿಸಲು ತುಂಬಿದ ಕಾರ್ಬನ್ ಡೈಆಕ್ಸೈಡ್ ಎದೆ, ಹೊಟ್ಟೆಗಳ ನಡುವಿನ ಸ್ನಾಯುಪರದೆಯಾದ ವಪೆಯನ್ನು ಕೆರಳಿಸುತ್ತದೆ, ವಪೆಯ ನರಕ್ಕೂ ಭುಜದ ನರಕ್ಕೂ ಬುಡ ಒಂದೇ ಕಡೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ.

ಮೊದಲ ಕೆಲವು ವಾರ ಕಂದು ಕಲೆ, ಅಲ್ಪಸ್ವಲ್ಪ ರಕ್ತ ಸಹಜ. ಗಂಟೆಗೊಂದು ಪ್ಯಾಡ್ ತೊಯ್ದರೆ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ ಬಂದರೆ, ಒಂದು ಮೀನಖಂಡ ಊದಿ ನೋಯುತ್ತಿದ್ದರೆ ಆಸ್ಪತ್ರೆಗೆ ಹೋಗಬೇಕು. ಎದೆನೋವು, ಏದುಸಿರು ಇದ್ದರಂತೂ ತಡಮಾಡುವಂತೆಯೇ ಇಲ್ಲ.

ಜನ ಕಡೆಗಣಿಸುವ ಲಕ್ಷಣ ಮತ್ತೊಂದಿದೆ. ಮೂತ್ರಪಿಂಡದಿಂದ ಬರುವ ಮೂತ್ರನಾಳ ಗರ್ಭಕೋಶದ ಅಪಧಮನಿಯ ಅಡಿಯಲ್ಲೇ, ಕಂಠದಿಂದ ಸುಮಾರು ಎರಡು ಸೆಂಟಿಮೀಟರ್ ದೂರದಲ್ಲಿ ಹಾದುಹೋಗುತ್ತದೆ. ಆ ಅಪಧಮನಿಯನ್ನು ಕಟ್ಟುವಾಗ ನಾಳಕ್ಕೆ ಪೆಟ್ಟೋ ಶಾಖವೋ ತಗುಲಿದರೆ ಅದು ಅಂದೇ ಗೊತ್ತಾಗದೆ ಒಂದೆರಡು ವಾರದ ಮೇಲೆ ತೂತಾಗಿ ಹೊರಬೀಳಬಹುದು. ಆಗ ಯೋನಿಯಿಂದ ತೆಳ್ಳನೆಯ ನೀರು ಹಗಲೂ ರಾತ್ರಿ ಜಿನುಗುತ್ತದೆ, ಸೊಂಟದ ಒಂದು ಪಕ್ಕ ನೋಯಲೂಬಹುದು. ಇದನ್ನು ‘ಬಿಳಿಸೆರಗು, ಎಲ್ಲರಿಗೂ ಇದ್ದದ್ದೇ’ ಎಂದು ಸುಮ್ಮನಾಗುವಂತಿಲ್ಲ. ಬಿಳಿಸೆರಗು ಲೋಳೆಯಾಗಿರುತ್ತದೆ, ಇದು ನೀರು, ಮೂತ್ರದ ವಾಸನೆಯೂ ಇರಬಹುದು.