ಸಂತೆಯಿಂದ ತಂದ ಬಾತುಗಳನ್ನು ಅಂದೇ ಗುಂಪಿಗೆ ಬಿಡಬಹುದೇ?

ಪ್ರಶ್ನೆ: ಹಾವೇರಿಯ ನಮ್ಮ ಮನೆಯ ಹಿತ್ತಲಿನಲ್ಲಿ ಮೂರು ಬಾತುಕೋಳಿಗಳಿವೆ, ಎರಡು ಹೆಣ್ಣು, ಒಂದು ಗಂಡು. ಮಕ್ಕಳ ಆಸೆಗಾಗಿ ವಾರದ ಸಂತೆಯಿಂದ ಇನ್ನೆರಡನ್ನು ತರಬೇಕೆಂದಿದ್ದೇವೆ. ಹಳೆಯ ಬಾತುಗಳು ಹೊಸವನ್ನು ಕಚ್ಚಿ ಗಾಯ ಮಾಡುತ್ತವೆ ಎಂದು ಕೆಲವರು ಹೆದರಿಸುತ್ತಾರೆ. ರಾತ್ರಿ ಕತ್ತಲಲ್ಲಿ ಗೂಡಿಗೆ ಬಿಟ್ಟುಬಿಟ್ಟರೆ ಬೆಳಗಾಗುವಷ್ಟರಲ್ಲಿ ಹೊಂದಿಕೊಳ್ಳುತ್ತವೆ ಎಂದು ಇನ್ನು ಕೆಲವರು ಹೇಳುತ್ತಾರೆ. ಯಾರ ಮಾತು ಸರಿ?

ಉತ್ತರ: ತಂದ ದಿನ ಹಗಲಲ್ಲಿಯೂ ಬಿಡಬೇಡಿ, ರಾತ್ರಿಯಲ್ಲಿಯೂ ಬಿಡಬೇಡಿ. ಕತ್ತಲಲ್ಲಿ ಬಿಡುವ ಉಪಾಯ ಕೋಳಿ ಸಾಕುವವರದು. ಕೋಳಿ ಕತ್ತಲಾದೊಡನೆ ಎತ್ತರದಲ್ಲಿ ಕುಳಿತು ಬೆಳಗಿನವರೆಗೆ ಕದಲುವುದಿಲ್ಲ. ಬಾತು ನೆಲದ ಮೇಲೆ ಮಲಗುವ, ರಾತ್ರಿಯಲ್ಲೂ ಎದ್ದು ಓಡಾಡುವ ಹಕ್ಕಿಯಾದ್ದರಿಂದ ಇಕ್ಕಟ್ಟಾದ ಗೂಡಿನಲ್ಲಿ ಹೊಸದಕ್ಕೆ ತಪ್ಪಿಸಿಕೊಳ್ಳಲು ಜಾಗವೇ ಇರುವುದಿಲ್ಲ. ಜಗಳದ ಭಯ ನಿಜವಾದದ್ದೇ, ಆದರೆ ಜಾಗ ಸಾಕಷ್ಟಿದ್ದರೆ ಅದನ್ನು ಬಾತುಗಳು ಬಹುಮಟ್ಟಿಗೆ ತಾವೇ ಬಗೆಹರಿಸಿಕೊಳ್ಳುತ್ತವೆ. ಅವುಗಳ ಕೈಲಾಗದ್ದು, ಹೊಸ ಹಕ್ಕಿಯ ಮೈಯಲ್ಲಿ ಅಡಗಿ ಬರುವ ರೋಗ.

ಹಲವು ವರ್ಷಗಳ ಹಿಂದೆ ಧಾರವಾಡದ ನಮ್ಮ ಹಿತ್ತಲಿನಲ್ಲಿ ನಾನು ಇದೇ ತಪ್ಪು ಮಾಡಿದೆ. ಸಂಜೆ ತಂದ ಎರಡು ಬಾತುಗಳನ್ನು ಅಂದೇ ಹಳೆಯ ನಾಲ್ಕರ ಜೊತೆ ಬಿಟ್ಟೆ. ಜಗಳವೇನೂ ಆಗಲಿಲ್ಲವೆಂದು ಸಮಾಧಾನಪಟ್ಟೆ. ಒಂದು ವಾರ ಕಳೆಯುವಷ್ಟರಲ್ಲಿ ಹಳೆಯ ಬಾತೊಂದು ಮೇವು ಬಿಟ್ಟು ಬರಿಯ ನೀರನ್ನೇ ಕುಡಿಯತೊಡಗಿತು, ಅದರ ಕಣ್ಣುಗಳಿಗೆ ಪಿಸುರು ಅಂಟಿತು, ಹಸಿರುಮಿಶ್ರಿತ ಬಿಳಿ ಭೇದಿಯಾಯಿತು. ಅದೂ ಉಳಿಯಲಿಲ್ಲ, ಅದರ ಜೊತೆಗಾತಿಯೂ ಉಳಿಯಲಿಲ್ಲ. ಐದು ವರ್ಷ ಕೈಯಲ್ಲಿ ಕಾಳು ತಿಂದ ಜೀವಗಳು ಅವು.

ಇಂಥ ಲಕ್ಷಣಗಳಿರುವ ರೋಗಗಳಲ್ಲಿ ಮುಖ್ಯವಾದುದು ಬಾತುಕೋಳಿಗಳ ಪ್ಲೇಗ್. ಇದು ವೈರಸ್‌ನಿಂದ ಬರುತ್ತದೆ. ಸೋಂಕು ತಗುಲಿದ ಮೇಲೆ ಸಾಮಾನ್ಯವಾಗಿ 3ರಿಂದ 7 ದಿನಗಳಲ್ಲಿ ಲಕ್ಷಣ ತೋರುತ್ತದೆ. ಕಾಯಿಲೆಯಿಂದ ಬದುಕುಳಿದ ಬಾತು ನೋಡಲು ಆರೋಗ್ಯವಾಗಿದ್ದರೂ ಬಹುಕಾಲ ವೈರಸ್ಸನ್ನು ಹೊತ್ತಿರಬಲ್ಲದು. ಅದಕ್ಕಾಗಿಯೇ ಹೊಸವನ್ನು ತರುವ ಮೊದಲೇ ಹಳೆಯವಕ್ಕೆ ಲಸಿಕೆ ಹಾಕಿಸುವುದು ಒಳ್ಳೆಯದು. ಲಸಿಕೆಯ ಒಂದು ಸೀಸೆಯಲ್ಲಿ ಬಹಳ ಹಕ್ಕಿಗಳಿಗೆ ಆಗುವಷ್ಟು ಮದ್ದಿರುವುದರಿಂದ, ಊರಿನಲ್ಲಿ ಬಾತು ಸಾಕಿದ ನಾಲ್ಕಾರು ಮನೆಯವರು ಕೂಡಿ ಪಶು ಆಸ್ಪತ್ರೆಯಲ್ಲಿ ವಿಚಾರಿಸಿದರೆ ಕೆಲಸ ಸುಲಭವಾಗುತ್ತದೆ.

ಹೊಸ ಬಾತುಗಳನ್ನು ಕನಿಷ್ಠ 30 ದಿನ ಬೇರೆಯಾಗಿಯೇ ಇಡಬೇಕು. ಬೇರೆ ಎಂದರೆ ನಡುವೆ ಒಂದು ತಡಿಕೆ ನಿಲ್ಲಿಸುವುದಲ್ಲ. ಬೇರೆ ಸೂರು, ಬೇರೆ ನೀರಿನ ಬುಟ್ಟಿ, ಬೇರೆ ಮೇವಿನ ತಟ್ಟೆ, ಬೇರೆ ಕಸಬರಿಗೆ. ಹುಬ್ಬಳ್ಳಿ-ಧಾರವಾಡದ ಬಡಾವಣೆಗಳ ಚಿಕ್ಕ ನಿವೇಶನಗಳಲ್ಲಿ ಅಷ್ಟು ಜಾಗವಿಲ್ಲದಿದ್ದರೆ, ಮಾಳಿಗೆಯ ಮೇಲೆ ಗಟ್ಟಿಯಾದ ನೆರಳು ಮಾಡಿ ಅಲ್ಲಿಡಬಹುದು. ಬೆಳಿಗ್ಗೆ ಮೊದಲು ಹಳೆಯವುಗಳ ಕೆಲಸ ಮುಗಿಸಿ ಆಮೇಲೆ ಹೊಸವುಗಳ ಬಳಿ ಹೋಗಬೇಕು, ಬರುವಾಗ ಕೈಕಾಲು ತೊಳೆದು ಚಪ್ಪಲಿ ಬದಲಿಸಬೇಕು. ಈ ಕ್ರಮ ತಲೆಕೆಳಗಾದರೆ ದೂರವಿಟ್ಟೂ ಪ್ರಯೋಜನವಿಲ್ಲ. ಹೊಸವು ಆಡಿದ ನೀರು ಹರಿದು ಹಳೆಯವುಗಳ ಅಂಗಳಕ್ಕೆ ಬರಬಾರದು ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಇದೇ ಕಾರಣಕ್ಕೆ ಸಾಕಿದ ಬಾತುಗಳನ್ನು ಕೆರೆಗೆ ಬಿಡುವುದನ್ನೂ ನಾನು ಒಪ್ಪುವುದಿಲ್ಲ. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಪ್ರತಿ ಚಳಿಗಾಲದಲ್ಲಿ ಹಿಮಾಲಯದಾಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಅವುಗಳನ್ನು ದೂರದಿಂದ ನೋಡಿ ಸಂತೋಷಪಡೋಣ. ಆದರೆ ಹಕ್ಕಿಜ್ವರದ ವೈರಸ್ ಕಾಡಿನ ನೀರುಹಕ್ಕಿಗಳಲ್ಲಿ ಲಕ್ಷಣವಿಲ್ಲದೆಯೇ ಇರಬಲ್ಲದು, ಮನೆಯ ಬಾತೂ ಅದನ್ನು ಹಾಗೆಯೇ ಹೊತ್ತು ತರಬಲ್ಲದು. ಇದ್ದಕ್ಕಿದ್ದಂತೆ ಒಂದಕ್ಕಿಂತ ಹೆಚ್ಚು ಹಕ್ಕಿಗಳು ಸತ್ತರೆ ಬರಿಗೈಯಲ್ಲಿ ಮುಟ್ಟದೆ, ಹಳ್ಳಕ್ಕೆ ಎಸೆಯದೆ, ಪಶು ಆಸ್ಪತ್ರೆಗೆ ತಿಳಿಸಿ. 1962 ಸಹಾಯವಾಣಿಗೂ ಕರೆ ಮಾಡಬಹುದು.

ಹೊಸವನ್ನು ಬೇರೆ ಇಟ್ಟ ಈ ತಿಂಗಳಲ್ಲಿ ಮೇವಿನ ಕಡೆಗೂ ಗಮನವಿರಲಿ. ಹಾವೇರಿ ಸೀಮೆಯಲ್ಲಿ ಗೋವಿನಜೋಳಕ್ಕೆ ಕೊರತೆಯಿಲ್ಲ, ಆದರೆ ಮಳೆಗಾಲದಲ್ಲಿ ಬೂಸ್ಟು ಹಿಡಿದ ಗೋವಿನಜೋಳ ಮತ್ತು ಶೇಂಗಾ ಹಿಂಡಿಯಲ್ಲಿ ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ, ಆ ವಿಷವನ್ನು ತಾಳುವ ಶಕ್ತಿ ಬಾತುಗಳಿಗೆ ಕೋಳಿಗಿಂತ ಬಹಳ ಕಡಿಮೆ. ದನಕ್ಕೆ ಬೇಡವಾದ ಹಿಂಡಿಯನ್ನು ಬಾತಿಗೆ ಹಾಕುವ ರೂಢಿಯನ್ನು ಬಿಡಲೇಬೇಕು.

ತಿಂಗಳು ಕಳೆದು ಎಲ್ಲವೂ ಚುರುಕಾಗಿವೆ ಎಂದಾದರೆ ಪರಿಚಯದ ಕೆಲಸ ಆರಂಭಿಸಬಹುದು. ಅಂಗಳದ ನಡುವೆ ತಂತಿಯ ಜಾಲರಿ ಕಟ್ಟಿ ಒಂದು ವಾರ, ಬೇಕಾದರೆ ಹತ್ತು ದಿನ, ಒಂದನ್ನೊಂದು ನೋಡುತ್ತಿರುವಂತೆ ಬಿಡಿ. ಮೇವಿನ ತಟ್ಟೆಗಳನ್ನು ಜಾಲರಿಯ ಎರಡೂ ಬದಿಗೆ ಹತ್ತಿರ ಹತ್ತಿರವೇ ಇಡಿ. ಇಲ್ಲಿ ನಿಮಗೊಂದು ವಿಶೇಷ ಕಾಣಿಸಬಹುದು: ಹಳೆಯ ಹೆಣ್ಣು ಬಾತು ಗಂಡಿನ ಮಗ್ಗುಲಿಗೆ ನಿಂತು, ಹೊಸಬರ ಕಡೆಗೆ ಹೆಗಲ ಮೇಲಿಂದ ಮತ್ತೆ ಮತ್ತೆ ಕತ್ತು ಹೊರಳಿಸುತ್ತ ಕೂಗುತ್ತದೆ. ಇವರನ್ನು ಓಡಿಸು ಎಂದು ಗಂಡನ್ನು ಹುರಿದುಂಬಿಸುವ ರೀತಿ ಅದು. ಇದು ಕಡಿಮೆಯಾಗುವವರೆಗೆ ಜಾಲರಿಯನ್ನು ತೆಗೆಯದಿರುವುದು ಲೇಸು.

ತೆಗೆಯುವ ದಿನ ನೀವು ಇಡೀ ಹೊತ್ತು ಮನೆಯಲ್ಲಿರುವ ದಿನವಾಗಿರಲಿ. ಬೆಳಿಗ್ಗೆ, ಆದಷ್ಟು ವಿಶಾಲವಾದ ಜಾಗದಲ್ಲಿ, ಎರಡು ಮೂರು ಕಡೆ ಮೇವು ನೀರು ಇಟ್ಟು ಬಿಡಿ. ಅಟ್ಟಿಸಿಕೊಂಡು ಹೋಗುವುದು, ಎದೆಗೆ ಎದೆ ಕೊಟ್ಟು ನೂಕುವುದು, ಕತ್ತಿನ ಗರಿ ಹಿಡಿದು ಎಳೆಯುವುದು ಇವೆಲ್ಲ ಮಾಮೂಲು. ಪ್ರತಿ ಸಲವೂ ನಡುವೆ ಹೋಗಿ ಬಿಡಿಸಿದರೆ ಗುಂಪಿನಲ್ಲಿ ಯಾರು ಮೇಲು ಎಂಬ ತೀರ್ಮಾನ ಮುಂದಕ್ಕೆ ಹೋಗುತ್ತದೆಯಷ್ಟೆ. ರಕ್ತ ಕಂಡರೆ, ಒಂದು ಬಾತಿಗೆ ಇಡೀ ದಿನ ಮೇವೇ ಸಿಗದಿದ್ದರೆ, ಅಥವಾ ಗಂಡು ಒಂದೇ ಹೆಣ್ಣನ್ನು ಬಿಡದೆ ಏರುತ್ತಿದ್ದರೆ ಮಾತ್ರ ಬೇರ್ಪಡಿಸಿ. ಮೊದಲ ಕೆಲವು ದಿನ ಆಳವಾದ ತೊಟ್ಟಿಯನ್ನು ಖಾಲಿಯಿಟ್ಟು, ತಲೆ ಮುಳುಗುವಷ್ಟು ನೀರಿರುವ ಬಕೆಟ್ಟುಗಳನ್ನಷ್ಟೇ ಇಡುವುದು ಕ್ಷೇಮ, ಏಕೆಂದರೆ ನೀರಿನಲ್ಲಿ ಗಂಡಿನ ಭಾರಕ್ಕೆ ಸಿಕ್ಕಿ ದಣಿದ ಹೆಣ್ಣು ಮುಳುಗಿ ಸಾಯುವುದುಂಟು.

ಆದ್ದರಿಂದಲೇ ನೀವು ತರುವ ಎರಡೂ ಹೆಣ್ಣಾಗಿರಲಿ. ಒಂದು ಗಂಡಿಗೆ ನಾಲ್ಕರಿಂದ ಆರು ಹೆಣ್ಣು ಇರುವುದು ಹದವಾದ ಲೆಕ್ಕ. ಸಂತೆಯಲ್ಲಿ ಗುರುತಿಸಲು ಹಕ್ಕಿಯನ್ನು ಎರಡೂ ಕೈಗಳಿಂದ ರೆಕ್ಕೆ ಸೇರಿಸಿ ಮೈಹಿಡಿದು ಎತ್ತಿ. ಕಾಲು ಹಿಡಿದು ಎತ್ತಬೇಡಿ, ಬಾತಿನ ಕಾಲು ಸುಲಭವಾಗಿ ಉಳುಕುತ್ತದೆ. ಗಟ್ಟಿಯಾಗಿ ಕ್ವಾಕ್ ಎಂದು ಕೂಗಿದರೆ ಹೆಣ್ಣು, ಒಡಕು ದನಿಯಲ್ಲಿ ಪಿಸುಗುಟ್ಟಿದರೆ ಗಂಡು. ಬೆಳೆದ ಗಂಡಿನ ಬಾಲದ ಮೇಲೆ ಸುರುಳಿಯಾದ ಗರಿಯೂ ಇರುತ್ತದೆ. ಮುಖದ ಮೇಲೆ ಕೆಂಪು ಗಂಟುಗಳಿರುವ ಮಸ್ಕೋವಿ ಜಾತಿಗೆ ಈ ಗುರುತುಗಳು ಅನ್ವಯಿಸುವುದಿಲ್ಲ. ತೀರ ಚಿಕ್ಕ ಮರಿಗಳನ್ನು ತಂದರೆ ಗಂಡು ಹೆಣ್ಣು ತಿಳಿಯುವುದಿಲ್ಲ, ಮೈಗೆ ಪೂರ್ತಿ ಗರಿ ಬಂದು ಹಳೆಯವುಗಳ ಗಾತ್ರಕ್ಕೆ ಸಮೀಪಿಸುವವರೆಗೆ ಅವನ್ನು ಗುಂಪಿಗೆ ಸೇರಿಸುವಂತೆಯೂ ಇಲ್ಲ.

ಹೊಸವು ಮಧ್ಯಾಹ್ನದ ಬಿಸಿಲಿಗೆ ಹಳೆಯವುಗಳ ನೆರಳಿನಲ್ಲಿಯೇ ಬಂದು ಮಲಗತೊಡಗಿದಾಗ ರಾತ್ರಿಯ ಗೂಡನ್ನೂ ಒಂದು ಮಾಡಬಹುದು. ಒಂದು ಬಾತಿಗೆ ಸುಮಾರು 4 ಚದರ ಅಡಿಯಂತೆ ಐದಕ್ಕೆ 20 ಚದರ ಅಡಿ ನೆಲ ಬೇಕಾಗುತ್ತದೆ. ನಿಮ್ಮ ಗೂಡು ಅದಕ್ಕಿಂತ ಚಿಕ್ಕದಿದ್ದರೆ ಅದನ್ನು ಹಿಗ್ಗಿಸಲು ಆ ಮೂವತ್ತು ದಿನಗಳು ನಿಮ್ಮ ಕೈಯಲ್ಲಿವೆ. ಗೂಡು ಒಂದಾದ ಮೇಲೆ ಕೆಲವು ದಿನ ಬೆಳಗಿನ ಮೊಟ್ಟೆ ತಪ್ಪಿದರೆ ಗಾಬರಿಯಾಗಬೇಡಿ. ಬಾತುಗಳು ನೆಮ್ಮದಿಗೆ ಬಂದಂತೆ ಮತ್ತೆ ಇಡತೊಡಗುತ್ತವೆ.